ರಿವೆಟ್ ಹೊಸದಾಗಿತ್ತು

ಸಿಪಾನಿ ಡಾಲ್ಫಿನ್ ಅಂದರೆ ಈಗಿನ ಹುಡುಗರಿಗೆ ಗೊತ್ತಾಗುವುದಿಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾದ ಕಾರದು. ಬಾದಲ್ ಎಂಬ ಮೂರು ಗಾಲಿಯ ಕಾರು ಮಾಡಿದ್ದ ಸಿಪಾನಿಯವರು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ವಿನ್ಯಾಸ ತಂದು 1982ರಲ್ಲಿ ಇದನ್ನು ರಸ್ತೆಗಿಳಿಸಿದರು. ಎರಡೇ ಬಾಗಿಲು, ಫೈಬರ್ ಮೈ, ಉಕ್ಕಿನ ಚಾಸಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಮನೆಮಂದಿ ಡಾಲ್ಫಿನ್ ಕಡೆ ತಿರುಗಿ ನೋಡಲಿಲ್ಲ. ರ‍್ಯಾಲಿ ಓಡಿಸುವವರು ಮಾತ್ರ ಅದನ್ನು ಕೈಬಿಡಲಿಲ್ಲ. ಹಗುರ ಮೈ, ಹಿಂದಿನ ಗಾಲಿಗೆ ಎಳೆತ. ಮಣ್ಣಿನ ತಿರುವಿನಲ್ಲಿ ಅದು ಹಿಂಭಾಗ ಬೀಸಿ ಹೋಗುವುದನ್ನು ಹೈಸ್ಕೂಲು ದಿನಗಳಲ್ಲಿ ಸೋದರಮಾವನ ಜೊತೆ ನಿಂತು ನೋಡಿದ್ದೆ. ನನಗೆ ಸ್ಪೋರ್ಟ್ಸ್ ಕಾರು ಅಂದರೆ ಅದೇ.

ಸಾವನದುರ್ಗದ ಬುಡದ ಒಂದು ಹಳ್ಳಿಯಲ್ಲಿ ಡಾಲ್ಫಿನ್ ನಿಂತಿದೆ, ರ‍್ಯಾಲಿ ಗೆದ್ದ ಕಾರು, ಕಾಗದಪತ್ರ ಎಲ್ಲ ಕ್ಲಿಯರ್ ಎಂದು ಬ್ರೋಕರ್ ಒಬ್ಬರು ಫೋನ್ ಮಾಡಿದಾಗ ಎರಡನೇ ಮಾತಾಡದೆ ಮಾಗಡಿ ಬಸ್ಸು ಹತ್ತಿದೆ. ಕಾರು ಇದ್ದದ್ದು ಪಾಳುಬಿದ್ದ ರೇಷ್ಮೆ ಹುಳದ ಮನೆಯಲ್ಲಿ. ಅದರ ಮೇಲೆ ಹಳೆಯ ಚಂದ್ರಿಕೆಗಳನ್ನು ಒಟ್ಟಿದ್ದರು. ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವರ ಹೆಂಡತಿ ಮತ್ತು ಕಿರಿಯ ಮಗ. ಬ್ರೋಕರ್ ಕೈಯಲ್ಲಿ ಆರ್‌ಸಿ ಬುಕ್ ಇತ್ತು. ಎಂಜಿನ್ ಪಕ್ಕದ ತಗಡಿನ ಪಟ್ಟಿಯ ಮೇಲಿನ ಚಾಸಿ ನಂಬರಿಗೂ ಬುಕ್ಕಿನ ನಂಬರಿಗೂ ಒಂದಂಕಿ ವ್ಯತ್ಯಾಸವಿರಲಿಲ್ಲ. ರ‍್ಯಾಲಿಯ ಸ್ಟಿಕ್ಕರ್ ಹಚ್ಚಿದ ಡಾಲ್ಫಿನ್ನಿನ ಒಂದು ಮಾಸಲು ಫೋಟೋವನ್ನೂ ಅವರು ತೋರಿಸಿದರು. ಅಡ್ವಾನ್ಸ್ ಕೊಟ್ಟೆ. ಬಾಕಿ ಹಣಕ್ಕೆ ವಾಯಿದೆ ಹಾಕಿಕೊಂಡು, ಕೊನೆಯ ತಪಾಸಣೆಗೆ ಒಬ್ಬ ಮೇಸ್ತ್ರಿಯನ್ನು ಕರೆತರುತ್ತೇನೆ ಎಂದೆ. ಅಲ್ಲಿಂದ ಶುರುವಾಯಿತು ಪಡಿಪಾಟಲು.

ಮೇಸ್ತ್ರಿ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಗ್ಯಾರೇಜಿನಲ್ಲಿ ಡಾಲ್ಫಿನ್‌ಗಳನ್ನು ಬಿಚ್ಚಿ ಕಟ್ಟಿದವರು. ಬಾನೆಟ್ ಎತ್ತಿ ಅವರು ಮೊದಲು ಮಾಡಿದ ಕೆಲಸ, ಜೇಬಿನಿಂದ ಅಯಸ್ಕಾಂತ ತೆಗೆದು ಎಂಜಿನ್ ಬ್ಲಾಕಿಗೆ ಇಟ್ಟದ್ದು. ಟಕ್ಕೆಂದು ಕಚ್ಚಿಕೊಂಡಿತು. ರಿಲಯಂಟ್ ಎಂಜಿನ್ನಿನ ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ, ಅಯಸ್ಕಾಂತ ಅಂಟಬಾರದು. "ಇದು ಪದ್ಮಿನಿ ಎಂಜಿನ್ ಸಾರ್, ಯಾವಾಗ್ಲೋ ಕೂರ್ಸವ್ರೆ" ಅಂದರು. ಬಿಡಿಭಾಗ ಸಿಗದ ಕಾಲದಲ್ಲಿ ಎಷ್ಟೋ ಮಂದಿ ಹೀಗೆ ಮಾಡಿಕೊಂಡಿದ್ದಾರೆ, ಅದು ಮೋಸವಲ್ಲ. ಆಮೇಲೆ ಅವರು ತಗಡಿನ ಪಟ್ಟಿಯ ಮೇಲೆ ಟಾರ್ಚ್ ಬಿಟ್ಟರು. ಪಟ್ಟಿ ಹಳೆಯದು, ಅಂಚು ತುಕ್ಕು ಹಿಡಿದಿತ್ತು. ಅದನ್ನು ಹಿಡಿದಿದ್ದ ರಿವೆಟ್‌ಗಳು ಮಾತ್ರ ಹೊಸ ನಾಣ್ಯದ ಹಾಗೆ ಹೊಳೆಯುತ್ತಿದ್ದವು.

ಮೇಸ್ತ್ರಿ ಏನೂ ಹೇಳಲಿಲ್ಲ. ಕಾರಿನಡಿ ಗೋಣಿಚೀಲ ಹಾಸಿ, ಚಾಸಿಯಲ್ಲಿ ನಂಬರ್ ಕೊರೆದಿರುವ ಜಾಗ ಇಂಥಲ್ಲಿದೆ, ಹುಡುಕಿ ಅಂದರು. ಮಣ್ಣು, ಗ್ರೀಸು, ಮೂರು ಪದರ ಬಣ್ಣ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಎಮರಿ ಪೇಪರಿನಲ್ಲಿ ಉಜ್ಜಿದೆ. ಮೇಲಿನಿಂದ ಒಡೆದ ಫೈಬರಿನ ಪುಡಿ ಉದುರಿ ಕುತ್ತಿಗೆ, ಮುಂಗೈಯೆಲ್ಲ ಉರಿ. ಆ ಎಳೆಗಳು ಚರ್ಮಕ್ಕೆ ಹೊಕ್ಕರೆ ಕಣ್ಣಿಗೂ ಕಾಣುವುದಿಲ್ಲ, ಉಗುರಿಗೂ ಸಿಗುವುದಿಲ್ಲ. ರಾತ್ರಿ ಚಾದರ ಸೋಕಿದರೂ ಚುಚ್ಚುತ್ತವೆ. ಸಂಜೆ ಹೊತ್ತಿಗೆ ಅಂಕಿಗಳು ಎದ್ದವು. ಬಿಳಿ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದೆ. ಪಟ್ಟಿಯ ನಂಬರೇ ಬೇರೆ, ಚಾಸಿಯ ನಂಬರೇ ಬೇರೆ.

ಅಂದರೆ ಬ್ರೋಕರ್ ಕೈಯಲ್ಲಿದ್ದ ಬುಕ್ಕು ಎಲ್ಲೋ ಗುಜರಿಗೆ ಹೋದ ಇನ್ನೊಂದು ಡಾಲ್ಫಿನ್ನಿನದು. ಅದರ ಪಟ್ಟಿ ಕಿತ್ತು ಇದಕ್ಕೆ ಹೊಡೆದಿದ್ದರು. ಇದನ್ನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದರೆ, ಯಾವತ್ತೋ ಒಂದು ದಿನ ಇನ್‌ಸ್ಪೆಕ್ಟರ್ ಚಾಸಿ ನೋಡಿದಾಗ ಕಾರು ಜಪ್ತಿ, ನನ್ನ ಮೇಲೆ ಕೇಸು. ಆ ರಾತ್ರಿ ನಿದ್ದೆ ಬರಲಿಲ್ಲ.

ಮನೆಯವರು ಇದರಲ್ಲಿ ಸೇರಿದ್ದಾರೆಯೇ ಎಂಬ ಅನುಮಾನ ನನ್ನನ್ನು ಹೆಚ್ಚು ಕಾಡಿತು. ಮಾರನೆಯ ದಿನ ಆ ತಾಯಿಯ ಮುಂದೆಯೇ ಕಾಗದ ಇಟ್ಟು ಕೇಳಿದೆ. "ಆ ವಯ್ಯ ಕಿಲೀನ್ ಮಾಡುಸ್ತೀನಿ ಅಂತ ಒಂದಿನ ಪೂರ್ತಾ ಬಾಗ್ಲಾಕ್ಕಂಡಿದ್ದ ಕಣಪ್ಪ. ನಮ್ಗೇನ್ ಗೊತ್ತು" ಅಂದರು. ಆಮೇಲೆ ಒಳಗಿಂದ ಕಬ್ಬಿಣದ ಟ್ರಂಕು ಎಳೆದು ತಂದರು. ಪಹಣಿ, ಸೊಸೈಟಿ ರಸೀದಿ, ಗೂಡು ಮಾರಿದ ಚೀಟಿಗಳ ನಡುವೆ ಮಡಿಕೆಯಲ್ಲೇ ಹರಿದುಹೋಗುತ್ತಿದ್ದ ಒಂದು ಇನ್ಶೂರೆನ್ಸ್ ಕಾಗದ ಸಿಕ್ಕಿತು. ಚಾಸಿ ನಂಬರ್ ಕಾಲಂ ಓದಿದೆ. ನನ್ನ ಪೆನ್ಸಿಲ್ ಅಚ್ಚಿಗೆ ಸರಿಹೋಯಿತು, ಕೊನೆಯಂಕಿಯೊಂದು ಬಿಟ್ಟು. ಅದು ಮೂರೋ ಎಂಟೋ ತಿಳಿಯುವಂತಿರಲಿಲ್ಲ.

ಫೆರಾರಿ ಕಾರಿಗಾದರೆ ಮರನೆಲ್ಲೊದಲ್ಲಿರುವ ಕಂಪನಿಯ ಕ್ಲಾಸಿಕೆ ವಿಭಾಗವೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ನಮ್ಮ ಡಾಲ್ಫಿನ್‌ಗೆ ಅಂಥ ದಿಕ್ಕಿಲ್ಲ. ಉಳಿದದ್ದು ಆರ್‌ಟಿಓ ರಿಜಿಸ್ಟರ್, ಅದರ ಬಿ ಎಕ್ಸ್‌ಟ್ರಾಕ್ಟ್. ಕೆಎ ನಂಬರುಗಳು ಬರುವ ಮುಂಚಿನ ಗಾಡಿ, ಕಂಪ್ಯೂಟರಿನಲ್ಲಿ ಹೆಸರೇ ಇಲ್ಲ. ಕಚೇರಿ ಒಡೆದು ಎರಡಾದಾಗ ದಪ್ಪ ಪುಸ್ತಕಗಳು ಎಲ್ಲಿ ಹೋದವೋ, ಈ ಕೌಂಟರಿನವರು ಆ ಕಚೇರಿ ಅನ್ನುವುದು, ಅವರು ಇಲ್ಲಿಗೇ ಅಟ್ಟುವುದು. ಮಳೆಗಾಲವೆಲ್ಲ ಹೀಗೆ ಕಳೆಯಿತು. ಕೊನೆಗೆ ನಿವೃತ್ತಿಗೆ ಹತ್ತಿರವಿದ್ದ ಗುಮಾಸ್ತೆಯೊಬ್ಬರು ಮೂಗಿಗೆ ಸೆರಗು ಕಟ್ಟಿಕೊಂಡು ರೆಕಾರ್ಡ್ ರೂಮಿನ ಮೇಲಿನ ಕಪಾಟಿನಿಂದ ಪುಸ್ತಕ ಇಳಿಸಿದರು. ನೀಲಿ ಶಾಯಿ, ದುಂಡಗಿನ ಅಕ್ಷರ. ಕೊನೆಯಂಕಿ ಎಂಟು. ಮೊದಲ ಮಾಲೀಕರು ಬೆಂಗಳೂರಿನವರು, ಎರಡನೆಯವರು ಈ ಮನೆಯ ಯಜಮಾನರು. ನನ್ನ ಕಣ್ಣು ತುಂಬಿ ಬಂತು. ಆ ಹೆಣ್ಣುಮಗಳಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯಲಿಲ್ಲ.

ಬ್ರೋಕರ್ ಅಡ್ವಾನ್ಸ್ ವಾಪಸು ಕೊಡಲಿಲ್ಲ, ಫೋನೂ ಎತ್ತಲಿಲ್ಲ. ನಾನು ಪೊಲೀಸು ದೂರು ಕೊಟ್ಟು ಮನೆಯವರ ಜೊತೆ ನೇರ ಮಾತಾಡಿದೆ. ಮಾಲೀಕರು ತೀರಿಕೊಂಡ ಗಾಡಿಯಾದ್ದರಿಂದ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಗಂಡುಮಕ್ಕಳು ಸಹಿ ಹಾಕಿದರು. ತುಮಕೂರಿಗೆ ಕೊಟ್ಟ ಮಗಳು ಒಪ್ಪಲಿಲ್ಲ. ಹೋಗಿ ಕೇಳಿದೆ. "ಅಪ್ಪ ನನಗೆ ಡ್ರೈವಿಂಗ್ ಕಲಿಸಿದ್ದು ಆ ಕಾರಲ್ಲಿ ಸಾರ್. ಗೂಡು ತುಂಬ್ಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗ್ತಿದ್ವಿ. ಅದನ್ನ ರ‍್ಯಾಲಿ ಕಾರು ಅಂತ ಸುಳ್ಳು ಹೇಳಿ ಮಾರ್ತಾರೆ ಅಂದ್ರೆ ನಾನು ಸಹಿ ಹಾಕಲ್ಲ" ಅಂದರು. ಬ್ರೋಕರನ ಮಾತನ್ನು ಎಲ್ಲೂ ಬರೆಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಸಹಿ ಹಾಕಿದರು.

ಹೊಸ ಕಾನೂನಿನಲ್ಲಿ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ ವಾಹನಕ್ಕೆ. ಡಾಲ್ಫಿನ್‌ಗೆ ಇನ್ನೂ ಆ ವಯಸ್ಸಾಗಿಲ್ಲ. ಹಾಗಾಗಿ ಎಲ್ಲ ಹಳೆಯ ಕಾರಿನಂತೆ ಮರುನೋಂದಣಿ, 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದ್ದ ಆಗಿನ ಶುಲ್ಕ, ಡೂಪ್ಲಿಕೇಟ್ ಆರ್‌ಸಿ, ಎಂಜಿನ್ ಬದಲಾವಣೆಯ ನಮೂದು. ಹೊಸ ಆರ್‌ಸಿಯಲ್ಲಿ ಈಗಿರುವ ಎಂಜಿನ್ನಿನ ನಂಬರೇ ಇದೆ. ಮುಚ್ಚಿಡುವಂಥದ್ದೇನಿಲ್ಲ.

ಚಾಸಿ ಪೂರ್ತಿ ಉಜ್ಜಿದ ಮೇಲೆ ಮೇಸ್ತ್ರಿ ನನ್ನನ್ನು ಕರೆದು ಬೆರಳಿಟ್ಟು ತೋರಿಸಿದರು. ನಾಲ್ಕು ಕಡೆ ಅರೆದು ಸಮ ಮಾಡಿದ ಹಳೆಯ ಬೆಸುಗೆ ಗುರುತು, ರೋಲ್ ಕೇಜ್ ನಿಲ್ಲಿಸುವ ಜಾಗದಲ್ಲೇ. ಮುಂದೆ ಸಂಪ್ ಗಾರ್ಡ್ ಕಟ್ಟುವ ತೂತುಗಳು. ಎರಡನೆಯ ಮಾಲೀಕರಿಗೆ ಬರುವ ಮೊದಲು ಈ ಕಾರು ರ‍್ಯಾಲಿಗೆ ಸಿದ್ಧವಾಗಿತ್ತು ಎಂದು ನಾನು ನಂಬುತ್ತೇನೆ. ಓಡಿತೇ, ಎಲ್ಲಿ ಓಡಿತು ಎಂಬುದಕ್ಕೆ ಆಧಾರವಿಲ್ಲ. ತುಮಕೂರಿನ ಆ ಮಗಳಿಗೂ ಫೋನ್ ಮಾಡಿ ಇಷ್ಟನ್ನೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋಟೋ ಸಿಕ್ಕರೆ ತನಗೂ ಕಳಿಸಬೇಕು ಅಂದರು. ಬ್ರೋಕರ್ ತೋರಿಸಿದ ಫೋಟೋ ಬೇರೆ ಕಾರಿನದು, ಅದರಿಂದ ಉಪಯೋಗವಿಲ್ಲ. 1983ರಿಂದ 1987ರವರೆಗಿನ ಕೆ-1000ದಂಥ ರ‍್ಯಾಲಿಗಳಲ್ಲಿ ತೆಗೆದ ಚಿತ್ರ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದರೆ, ಅದರಲ್ಲಿ ಡಾಲ್ಫಿನ್ನಿನ ನಂಬರ್ ಪ್ಲೇಟ್ ಓದುವಂತಿದ್ದರೆ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.