ಕಣ್ಣು ನಮ್ಮದು, ಲೈಟು ಆ ತುದಿಯವರದು

ಹಾಸ್ಟೆಲ್‌ನಲ್ಲಿ ನೆಟ್ ಹೋದ್ರೆ ನಾವೆಲ್ಲ ಮೊದಲು ಬೈಯೋದು ವೈಫೈಗೆ. ಕಾರಿಡಾರ್ ಸೀಲಿಂಗ್‌ನಲ್ಲಿ ಅಂಟಿಕೊಂಡಿರೋ ಬಿಳಿ ಡಬ್ಬಿ ಕಣ್ಣಿಗೆ ಕಾಣತ್ತೆ, ಹಾಗಾಗಿ ಬೈಗುಳ ಎಲ್ಲಾ ಅದಕ್ಕೇ. ಆದರೆ ಆ ಡಬ್ಬಿಯ ಹಿಂದೆ ಒಂದು ಸ್ವಿಚ್ ಇದೆ, ಸ್ವಿಚ್ಚಿನ ಮೂಲೆಯಲ್ಲಿ ಬೆರಳಿನಷ್ಟು ಉದ್ದದ ಒಂದು ಲೋಹದ ತುಂಡು ಇದೆ, ಇಡೀ ಹಾಸ್ಟೆಲ್‌ನ ಟ್ರಾಫಿಕ್ ಅದರ ಮೂಲಕವೇ ಮೇನ್ ಬ್ಲಾಕ್‌ಗೆ ಹೋಗತ್ತೆ ಅನ್ನೋದು ಗೊತ್ತಿರೋರು ಕಡಿಮೆ. ಆ ತುಂಡಿನ ಹೆಸರು ಆಪ್ಟಿಕಲ್ ಟ್ರಾನ್ಸೀವರ್. ಕೆಲಸ ಮಾಡೋರು ಕರೆಯೋದು ಎಸ್‌ಎಫ್‌ಪಿ ಅಂತ.

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಕಾಲೇಜಿನ ನೆಟ್‌ವರ್ಕ್ ರೂಮಿನಲ್ಲಿ ಮೂರು ವಾರ ಕೆಲಸಕ್ಕೆ ಸೇರಿಕೊಂಡ್ವಿ. ಅಲ್ಲಿ ಹಿರಿಯ ಟೆಕ್ನಿಶಿಯನ್ ಒಬ್ಬರಿದ್ದಾರೆ. ಐಟಿಐ ಓದಿದವರು, ಕೇಬಲ್ ಎಳೆಯೋ ಕೆಲಸದಿಂದ ಶುರು ಮಾಡಿದವರು. ನಾವೆಲ್ಲ ಅವರನ್ನ ಸರ್ ಅಂತಲೇ ಕರೆಯೋದು. ಈ ಲೇಖನದಲ್ಲಿರೋ ಅರ್ಧ ವಿಷಯ ಅವರ ಬಾಯಿಂದ ಬಂದದ್ದು, ಇನ್ನರ್ಧ ರಾತ್ರಿ ಕೂತು ಅದು ಯಾಕೆ ಹಾಗೆ ಅಂತ ನಾವು ಹುಡುಕಿ ಓದಿದ್ದು.

ಟ್ರಾನ್ಸೀವರ್ ಏನು ಮಾಡತ್ತೆ ಅಂತ ಹೇಳೋಕೆ ಸುಲಭ. ಸ್ವಿಚ್ಚಿನೊಳಗೆ ಓಡೋದು ವಿದ್ಯುತ್ ಸಿಗ್ನಲ್, ಫೈಬರ್‌ನೊಳಗೆ ಓಡೋದು ಬೆಳಕು. ಇವೆರಡರ ನಡುವಿನ ದುಭಾಷಿ ಇದು. ಮುಂದೆ ಎರಡು ತೂತು. ಒಂದರೊಳಗೆ ಲೇಸರ್ ಡಯೋಡ್, ಅದು ಬಾಯಿ. ಇನ್ನೊಂದರೊಳಗೆ ಫೋಟೋಡಯೋಡ್, ಅದು ಕಿವಿ. ಈ ತುದಿಯ ಬಾಯಿ ಆ ತುದಿಯ ಕಿವಿಗೆ ಸೇರಬೇಕು, ಆ ತುದಿಯ ಬಾಯಿ ಈ ತುದಿಯ ಕಿವಿಗೆ. ಸ್ವಿಚ್ ಆಫ್ ಮಾಡದೇ ಇದನ್ನ ಹಾಕಬಹುದು, ತೆಗೀಬಹುದು. ಪೆನ್‌ಡ್ರೈವ್ ಥರ ಕಾಣೋದರಿಂದ ಎಲ್ಲರೂ ಪೆನ್‌ಡ್ರೈವ್ ಥರಾನೇ ನೋಡ್ಕೋತಾರೆ. ತೊಂದರೆ ಶುರುವಾಗೋದು ಅಲ್ಲೇ.

ಒಂದು ದಿನ ಫಸ್ಟ್ ಇಯರ್ ಜೂನಿಯರ್ಸ್ ನೆಟ್‌ವರ್ಕ್ ರೂಮ್ ನೋಡೋಕೆ ಬಂದಿದ್ರು. ರ‍್ಯಾಕ್‌ನಿಂದ ತೆಗೆದು ಇಟ್ಟಿದ್ದ ಹಳದಿ ಫೈಬರ್ ಕಾರ್ಡ್ ಒಂದನ್ನ ಒಬ್ಬಳು ಕೈಗೆ ತಗೊಂಡು, ಲೈಟ್ ಬರ್ತಿದೆಯಾ ನೋಡೋಣ ಅಂತ ಅದರ ತುದಿಯನ್ನ ಕಣ್ಣಿನ ಹತ್ತಿರ ತಂದಳು. ಸರ್ ಕೂಗಲಿಲ್ಲ. ನಡುವೆ ತಮ್ಮ ಅಂಗೈ ಅಡ್ಡ ಇಟ್ಟರು. "ಬೇಡಮ್ಮ. ಕಣ್ಣು ನಿಂದು, ಲೈಟು ಆ ತುದಿಯವರದು. ಅವರು ಆನ್ ಮಾಡಿದ್ರೆ ನಿಂಗೆ ಗೊತ್ತೂ ಆಗಲ್ಲ" ಅಂದರು. ಆ ಕಾರ್ಡ್‌ನಲ್ಲಿ ಅವತ್ತು ಬೆಳಕು ಇರಲಿಲ್ಲ, ಅವಳಿಗೆ ಏನೂ ಆಗಲೂ ಇಲ್ಲ. ಆದರೆ ಅವರು ಹೇಳಿದ ಆ ಮಾತು ನಮ್ಮ ತಲೇಲಿ ಉಳಿದುಬಿಟ್ಟಿತು.

ಯೋಚನೆ ಮಾಡಿ. ಕರೆಂಟ್ ಕೆಲಸ ಮಾಡುವಾಗ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಜೇಬಿಗೆ ಹಾಕ್ಕೊಂಡು ಹೋಗ್ತಾರೆ. ಅಪಾಯದ ಕೀಲಿ ಕೆಲಸ ಮಾಡೋನ ಕೈಯಲ್ಲೇ ಇರತ್ತೆ. ಫೈಬರ್‌ನಲ್ಲಿ ಹಾಗಲ್ಲ. ನಮ್ಮ ಕೈಯಲ್ಲಿರೋ ತುದಿಗೆ ಬರೋ ಬೆಳಕನ್ನ ಕಳಿಸ್ತಿರೋದು ಪಕ್ಕದ ಬಿಲ್ಡಿಂಗ್‌ನಲ್ಲೋ, 40 ಕಿಲೋಮೀಟರ್ ಆಚೆಗೋ ಇರೋ ಇನ್ನೊಂದು ಡಬ್ಬಿ. ಅದರ ಮುಂದೆ ಯಾರು ಕೂತಿದ್ದಾರೆ, ಅವರು ಈಗ ಏನು ಮಾಡ್ತಿದ್ದಾರೆ ಅಂತ ನಮಗೆ ಕಾಣಲ್ಲ.

ಬೆಳಕೂ ಕಾಣಲ್ಲ. ನಮ್ಮ ಕಣ್ಣಿಗೆ ಕಾಣೋದು ಸುಮಾರು 400ರಿಂದ 700 ನ್ಯಾನೋಮೀಟರ್ ತನಕ. ನೆಟ್‌ವರ್ಕ್ ಫೈಬರ್‌ನಲ್ಲಿ ಹೆಚ್ಚಾಗಿ ಓಡೋದು 850, 1310, 1550 ನ್ಯಾನೋಮೀಟರ್. ಕೆಂಪು ಲೇಸರ್ ಪಾಯಿಂಟರ್ ಕಣ್ಣಿಗೆ ಬಿದ್ರೆ ಕಾಲು ಸೆಕೆಂಡ್‌ನೊಳಗೆ ರೆಪ್ಪೆ ತಾನಾಗೇ ಮುಚ್ಚತ್ತೆ. 1 ಮಿಲಿವ್ಯಾಟ್ ಮಿತಿಯ ಕ್ಲಾಸ್ 2 ಪಾಯಿಂಟರ್‌ಗಳ ಸುರಕ್ಷತೆಯ ಲೆಕ್ಕ ನಿಂತಿರೋದೇ ಆ ಕಾಲು ಸೆಕೆಂಡ್ ಮೇಲೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಲ್ಲ. ರೆಟಿನಾದಲ್ಲಿ ನೋವಿನ ನರಗಳೂ ಇಲ್ಲ, ಹಾಗಾಗಿ ಅಲ್ಲಿ ಸುಟ್ಟರೂ ಉರಿ ಗೊತ್ತಾಗಲ್ಲ.

"ಮೊಬೈಲ್ ಕ್ಯಾಮೆರಾದಲ್ಲಿ ನೋಡಿದ್ರೆ ಆಯ್ತಲ್ಲ" ಅನ್ನೋರು ಎಲ್ಲಾ ಬ್ಯಾಚ್‌ನಲ್ಲೂ ಇರ್ತಾರೆ. ಟಿವಿ ರಿಮೋಟ್‌ನ ಬೆಳಕು ಕ್ಯಾಮೆರಾದಲ್ಲಿ ಕಾಣತ್ತೆ ನಿಜ. ಆದರೆ ಫಸ್ಟ್ ಇಯರ್ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ: ಕ್ಯಾಮೆರಾ ಸೆನ್ಸರ್ ಸಿಲಿಕಾನ್, ಸಿಲಿಕಾನ್‌ನ ಬ್ಯಾಂಡ್ ಗ್ಯಾಪ್ ಸುಮಾರು 1.12 ಎಲೆಕ್ಟ್ರಾನ್ ವೋಲ್ಟ್. ಲೆಕ್ಕ ಹಾಕಿದ್ರೆ ಸುಮಾರು 1100 ನ್ಯಾನೋಮೀಟರ್‌ಗಿಂತ ಉದ್ದದ ಅಲೆ ಅದಕ್ಕೆ ಕಾಣೋದೇ ಇಲ್ಲ. 850 ಕಾಣಬಹುದು, 1310 ಮತ್ತು 1550 ಕಾಣಲ್ಲ. ಕ್ಯಾಮೆರಾ ಕತ್ತಲೆ ತೋರಿಸಿದ್ರೆ ಬೆಳಕು ಇಲ್ಲ ಅಂತ ಅರ್ಥ ಅಲ್ಲ. ಕ್ಯಾಮೆರಾವೂ ಅಲ್ಲಿ ಕುರುಡು, ಅಷ್ಟೇ. ಪರೀಕ್ಷೆಗೆ ಬರೆದ ಆ ಸಣ್ಣ ಲೆಕ್ಕ ಇಷ್ಟು ಬೇಗ ಕೆಲಸಕ್ಕೆ ಬರತ್ತೆ ಅಂತ ನಾವು ಅಂದುಕೊಂಡಿರಲಿಲ್ಲ.

ಹಾಗಂತ ಹೆದರಿಸೋದು ನಮ್ಮ ಉದ್ದೇಶ ಅಲ್ಲ. ಕ್ಯಾಂಪಸ್ ಸ್ವಿಚ್‌ಗಳಲ್ಲಿರೋ ಸಾಮಾನ್ಯ ಟ್ರಾನ್ಸೀವರ್‌ಗಳು ಕ್ಲಾಸ್ 1 ಲೇಸರ್, ಅಂದ್ರೆ ಸರಿಯಾಗಿ ಬಳಸಿದಾಗ ಕಣ್ಣಿಗೆ ಸುರಕ್ಷಿತ ಅಂತ ವರ್ಗ ಮಾಡಿರೋದು. 10 ಕಿಲೋಮೀಟರ್ ಓಡೋ 10 ಗಿಗಾಬಿಟ್ ಎಲ್‌ಆರ್ ಮಾಡ್ಯೂಲ್ ಹೊರಗೆ ಬಿಡೋದು ಹೆಚ್ಚೆಂದರೆ 0.5 ಡಿಬಿಎಂ, ಸುಮಾರು 1.1 ಮಿಲಿವ್ಯಾಟ್. ಫೈಬರ್‌ನಿಂದ ಹೊರಬಂದ ಬೆಳಕು ಟಾರ್ಚ್ ಬೆಳಕಿನ ಥರ ಹರಡಿಕೊಳ್ಳತ್ತೆ, ದೂರ ಹೋದಷ್ಟೂ ದುರ್ಬಲ. ಮನೆಗೆ ಬರೋ ಫೈಬರ್ ಬ್ರಾಡ್‌ಬ್ಯಾಂಡ್‌ನಲ್ಲಿ ಸ್ಪ್ಲಿಟರ್ ದಾಟಿ ತಲುಪೋದು -20 ಡಿಬಿಎಂ ಆಸುಪಾಸು ಇದ್ರೆ, ಅದು 0.01 ಮಿಲಿವ್ಯಾಟ್. ಆದರೆ ಊರಿಂದ ಊರಿಗೆ ಹೋಗೋ ಲೈನ್‌ಗಳಲ್ಲಿ ಎರ್ಬಿಯಂ ಆಂಪ್ಲಿಫೈಯರ್ ಇರತ್ತೆ. 20 ಡಿಬಿಎಂ ಅಂದ್ರೆ 100 ಮಿಲಿವ್ಯಾಟ್, ಅಂಥವೂ ಇವೆ. ಎರಡರ ಕನೆಕ್ಟರ್ ಒಂದೇ ಥರ ಇರಬಹುದು, ಎರಡರಲ್ಲೂ ಕಣ್ಣಿಗೆ ಕಾಣೋದು ಕತ್ತಲೆಯೇ. ಕಡಿಮೆ ಬೆಳಕಿನ ಫೈಬರ್ ಮೇಲೆ ಕಲಿತ ಕೆಟ್ಟ ಅಭ್ಯಾಸವನ್ನ ನಾಳೆ ಕೆಲಸಕ್ಕೆ ಸೇರಿದಾಗ ಜಾಸ್ತಿ ಬೆಳಕಿನ ಫೈಬರ್ ಹತ್ತಿರವೂ ತಗೊಂಡು ಹೋಗ್ತೀವಿ. ಇನ್ನೊಂದು ವಿಷಯ: ಭೂತಗನ್ನಡಿ, ಕಣ್ಣಿಟ್ಟು ನೋಡೋ ಫೈಬರ್ ಮೈಕ್ರೋಸ್ಕೋಪ್ ಇವು ಹರಡಿದ ಬೆಳಕನ್ನ ಮತ್ತೆ ಕೂಡಿಸಿ ಕಣ್ಣಿಗೆ ಕೊಡತ್ವೆ. ನಮ್ಮ ರೂಮಿನಲ್ಲಿ ಬಳಸೋದು ಸ್ಕ್ರೀನ್ ಮೇಲೆ ತೋರಿಸೋ ಮೈಕ್ರೋಸ್ಕೋಪ್ ಮಾತ್ರ.

ಕಾಣದ ಎರಡನೇ ವಸ್ತು ಧೂಳು. ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಹೋಗೋ ಕೋರ್ ಸುಮಾರು 9 ಮೈಕ್ರಾನ್. ತಲೆಕೂದಲಿನ ದಪ್ಪ ಇದರ ಹಲವು ಪಟ್ಟು. ಒಂದು ಕಣ ಬಿದ್ರೂ ದಾರಿ ಮುಚ್ಚಿಹೋಗತ್ತೆ. ಕನೆಕ್ಟರ್ ಹಾಕಿದಾಗ ಎರಡು ಗಾಜಿನ ಮುಖಗಳು ಒಂದಕ್ಕೊಂದು ಒತ್ತಿಕೊಳ್ಳೋದರಿಂದ ನಡುವೆ ಸಿಕ್ಕ ಕಣ ಗಾಜನ್ನೇ ಗೀರಬಹುದು, ಒಂದರ ಕೊಳೆ ಇನ್ನೊಂದಕ್ಕೂ ಅಂಟತ್ತೆ.

ಲೈಬ್ರರಿ ಲಿಂಕ್‌ನಲ್ಲಿ ನಾವು ಇದನ್ನ ಕಣ್ಣಾರೆ ನೋಡಿದ್ವಿ. ಪೋರ್ಟ್ ಅಪ್ ಇದೆ, ಹಸಿರು ದೀಪ ಉರೀತಿದೆ, ಆದರೆ ಎರರ್‌ಗಳು ಏರ್ತಾನೇ ಇವೆ. ಮಾಡ್ಯೂಲ್ ತನ್ನ ಆರೋಗ್ಯವನ್ನ ತಾನೇ ಹೇಳತ್ತೆ: ಟೆಂಪರೇಚರ್, ವೋಲ್ಟೇಜ್, ಲೇಸರ್ ಕರೆಂಟ್, ಕಳಿಸ್ತಿರೋ ಬೆಳಕು, ಬರ್ತಿರೋ ಬೆಳಕು. ಸ್ವಿಚ್‌ನಲ್ಲಿ ಒಂದು ಕಮಾಂಡ್ ಹೊಡೆದರೆ ಐದೂ ಸಿಗತ್ತೆ. ಬರ್ತಿದ್ದ ಬೆಳಕು -14.2 ಡಿಬಿಎಂ. ಎಲ್‌ಆರ್ ಮಾಡ್ಯೂಲ್‌ಗೆ ಕನಿಷ್ಠ ಬೇಕಾದ್ದು -14.4. ಅಂಚಿನ ಮೇಲೆ ನಡೀತಿತ್ತು. ಹೊಸ ಮಾಡ್ಯೂಲ್ ತರಿಸೋಣ ಅನ್ನೋ ಮಾತು ಬಂತು. ಸರ್ "ಮೊದಲು ಮುಖ ತೊಳೀರಿ" ಅಂದ್ರು.

ಇಬ್ಬರು ಲೈಬ್ರರಿಗೆ ಹೋದರು, ಇಬ್ಬರು ಮೇನ್ ಬ್ಲಾಕ್‌ನಲ್ಲೇ ಉಳಿದರು. ಫೋನ್ ಕಟ್ ಮಾಡೋ ಹಾಗಿಲ್ಲ. "ಪೋರ್ಟ್ ಆಫ್ ಮಾಡು" ಅಂತ ಒಬ್ಬರು ಹೇಳಬೇಕು, "ಆಫ್ ಮಾಡಿದೀನಿ" ಅಂತ ಆ ಕಡೆಯವರು ವಾಪಸ್ ಹೇಳಬೇಕು, ಪೋರ್ಟ್ ನಂಬರ್ ಸಮೇತ. "ಕೆಲಸ ನಡೀತಿದೆ, ಆನ್ ಮಾಡಬೇಡಿ" ಅಂತ ಸ್ವಿಚ್ ಮೇಲೆ ಚೀಟಿ ಅಂಟಿಸಬೇಕು. ಆಮೇಲೂ ಪವರ್ ಮೀಟರ್ ಇಟ್ಟು ಬೆಳಕು ನಿಂತಿದೆಯಾ ಅಂತ ನೋಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಕಾಣದೇ ಇದ್ದರೂ ಪ್ರಮಾಣಿಸಿ ನೋಡಬೇಕು. ಹೀಗೆ ಎರಡೂ ಕಡೆ ಆಫ್ ಮಾಡಿಸಿ, ಕ್ಲಿಕ್ ಮಾಡೋ ಕ್ಲೀನರ್ ಪೆನ್‌ನಿಂದ ಎರಡೂ ತುದಿ ಒರೆಸಿ ಹಾಕಿದ ಮೇಲೆ ಬಂದದ್ದು -5.2. 9 ಡಿಬಿ ವ್ಯತ್ಯಾಸ ಅಂದ್ರೆ ಸುಮಾರು 8 ಪಟ್ಟು ಬೆಳಕು. ಎಂಟರಲ್ಲಿ ಏಳು ಪಾಲನ್ನ ಕೊಳೆ ತಿಂತಿತ್ತು. ಹೊಸದೇನೂ ಕೊಳ್ಳಬೇಕಾಗಲಿಲ್ಲ.

ಒರೆಸೋದಕ್ಕೂ ಕ್ರಮ ಇದೆ: ನೋಡು, ಒರೆಸು, ಮತ್ತೆ ನೋಡು, ಆಮೇಲೆ ಹಾಕು. ಅಂಗಿ ಅಂಚಿನಲ್ಲಿ ಒರೆಸೋದು, ಬಾಯಲ್ಲಿ ಉಫ್ ಅಂತ ಊದೋದು ಎರಡೂ ಕೊಳೆ ಸೇರಿಸೋ ಕೆಲಸ. ಒಣ ಕ್ಲೀನರ್‌ಗೆ ಹೋಗದಿದ್ರೆ ಎಳೆ ಬಿಡದ ಬಟ್ಟೆಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್, ತಕ್ಷಣ ಒಣಗಿಸಿ ಮತ್ತೆ ನೋಡು. ಬಳಕೆಯಲ್ಲಿ ಇಲ್ಲದ ಎಲ್ಲಾ ತೂತಿಗೂ ಎಲ್ಲಾ ತುದಿಗೂ ಪ್ಲಾಸ್ಟಿಕ್ ಮುಚ್ಚಳ ಇರಲೇಬೇಕು. ಸರ್ ಅದಕ್ಕೆ ಟೋಪಿ ಅಂತಾರೆ. "ಟೋಪಿ ಹಾಕದೆ ಯಾರೂ ಹೊರಗೆ ಹೋಗೋ ಹಾಗಿಲ್ಲ" ಅಂತ ಅವರು ದಿನಾ ಸಂಜೆ ಹೇಳೋರು. ಟೋಪಿ ಹಾಕೋದು ಒಳ್ಳೇ ಗುಣ ಅನ್ನಿಸಿಕೊಳ್ಳೋ ಜಾಗ ಕ್ಯಾಂಪಸ್‌ನಲ್ಲಿ ಅದೊಂದೇ ಇರಬೇಕು.

ಮೂರನೇದು ನಮ್ಮ ಮೈಯಲ್ಲೇ ಇರೋ ಸ್ಟ್ಯಾಟಿಕ್. ಬಾಗಿಲ ಹಿಡಿ ಮುಟ್ಟಿದಾಗ ಚುರ್ ಅನ್ನತ್ತಲ್ಲ, ಅಷ್ಟು ಅನ್ನಿಸೋಕೆ ಸುಮಾರು 3000 ವೋಲ್ಟ್ ಬೇಕು ಅಂತಾರೆ. ಅದಕ್ಕಿಂತ ತುಂಬಾ ಕಡಿಮೆಗೇ ಲೇಸರ್ ಡಯೋಡ್ ಹಾಳಾಗಬಹುದು, ನಮಗೆ ಏನೂ ಅನ್ನಿಸದೇ. ಕೆಲವು ಸಲ ಅದು ಕೂಡಲೇ ಸಾಯಲ್ಲ, ದುರ್ಬಲವಾಗಿ ಕೆಲವು ತಿಂಗಳ ನಂತರ ಕೈ ಕೊಡತ್ತೆ. ಹಾಗಾಗಿ ಮಣಿಕಟ್ಟಿಗೆ ಅರ್ಥ್ ಪಟ್ಟಿ, ಹಾಕೋ ಹೊತ್ತಿಗೆ ಮಾತ್ರ ಆಂಟಿಸ್ಟ್ಯಾಟಿಕ್ ಕವರ್ ಬಿಚ್ಚೋದು, ಹಿಂದಿನ ಚಿನ್ನದ ಬಣ್ಣದ ಹಲ್ಲುಗಳನ್ನ ಮುಟ್ಟದೇ ಪಕ್ಕ ಹಿಡಿಯೋದು.

ಹೊಂದಿಕೆ ನೋಡೋದೂ ಸುರಕ್ಷತೆಯೇ. ಎರಡೂ ತುದಿಗೆ ಒಂದೇ ವೇಗ, ಒಂದೇ ಜಾತಿಯ ಫೈಬರ್, ಹೊಂದೋ ತರಂಗಾಂತರ. ನೀಲಿ ಕನೆಕ್ಟರ್‌ಗೆ ಹಸಿರು ಕನೆಕ್ಟರ್ ಸೇರಿಸಬಾರದು, ಹಸಿರಿನ ಮುಖ 8 ಡಿಗ್ರಿ ಓರೆ ಕತ್ತರಿಸಿರತ್ತೆ. 80 ಕಿಲೋಮೀಟರ್‌ನ ಮಾಡ್ಯೂಲ್ ಎರಡನ್ನ ಮೇಜಿನ ಮೇಲೆ 2 ಮೀಟರ್ ಕಾರ್ಡ್‌ನಿಂದ ಜೋಡಿಸಿದ್ರೆ ಆ ಕಡೆಯ ಕಿವಿ ಕಿವುಡಾಗಬಹುದು, ನಡುವೆ ಅಟೆನ್ಯುಯೇಟರ್ ಬೇಕು. ಇಲ್ಲೂ ಅದೇ ಕಥೆ: ಈ ತುದಿಯಲ್ಲಿ ಮಾಡಿದ್ದಕ್ಕೆ ಪೆಟ್ಟು ಬೀಳೋದು ಆ ತುದಿಗೆ.

ನಾವು ನಾಲ್ವರಲ್ಲಿ ಮೂವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ರ‍್ಯಾಕ್ ಮೇಲಿರೋ ಲೇಸರ್ ಎಚ್ಚರಿಕೆಯ ಹಳದಿ ಸ್ಟಿಕ್ಕರ್ ನಮಗೆ ಓದೋಕೆ ಬರತ್ತೆ. ಆದರೆ ಹೊಸ ಬ್ಲಾಕ್‌ಗೆ ಫೈಬರ್ ಎಳೆಯೋಕೆ ಬಂದಿದ್ದ ಐದು ಜನರಲ್ಲಿ ಅದನ್ನ ಓದಬಲ್ಲವರು ಒಬ್ಬರೇ. ಗಾಜಿನ ಚೂರು ಬೆರಳಿಗೆ ಚುಚ್ಚೋದು, ತೆರೆದ ತುದಿ ಮುಖದ ಹತ್ತಿರ ಬರೋದು ಅವರಿಗೆ, ಸ್ಟಿಕ್ಕರ್ ಇರೋದು ನಮ್ಮ ಭಾಷೇಲಿ ಅನ್ನೋ ಹಾಗಾಗಿದೆ. 2011ರಲ್ಲಿ ಒಪ್ಪಿಗೆ ಸಿಕ್ಕ, ಈಗ ಭಾರತ್‌ನೆಟ್ ಅಂತ ಕರೆಯೋ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೂ ಫೈಬರ್ ಹೋಗಿದೆ. ಪಂಚಾಯಿತಿ ಆಫೀಸಿನ ಆ ಪೆಟ್ಟಿಗೆ ಬಿಚ್ಚೋ ಹುಡುಗನಿಗೂ ಇದೇ ಕಣ್ಣು ಇರೋದು. ಅದಕ್ಕೇ ಸರ್ ಹೇಳಿದ್ದನ್ನ ಅವರ ಮಾತಲ್ಲೇ ಒಂದು ಕಾರ್ಡ್‌ಗೆ ಇಳಿಸಿ, ಲ್ಯಾಮಿನೇಟ್ ಮಾಡಿಸಿ, ರ‍್ಯಾಕ್ ಬಾಗಿಲಿಗೆ ಅಂಟಿಸಿದ್ದೀವಿ.

1. ಆ ತುದಿಗೆ ಫೋನ್ ಮಾಡಿ. ಪೋರ್ಟ್ ಆಫ್ ಆಗಿದೆ ಅಂತ ಅವರ ಬಾಯಿಂದ ಕೇಳಿ.
2. ಮೀಟರ್ ಇಟ್ಟು ನೋಡಿ. ಕಣ್ಣಿಟ್ಟು ನೋಡಬೇಡಿ, ಮೊಬೈಲ್ ನಂಬಬೇಡಿ.
3. ಕೈಗೆ ಅರ್ಥ್ ಪಟ್ಟಿ ಹಾಕಿ.
4. ತೆಗೆಯುವಾಗ ಮೊದಲು ಫೈಬರ್, ಟೋಪಿ ಹಾಕಿ, ಕೊಂಡಿ ಬಿಡಿಸಿ, ಆಮೇಲೆ ಮಾಡ್ಯೂಲ್. ಬಿಸಿ ಇರಬಹುದು, ಜೋಪಾನ.
5. ಹಾಕುವಾಗ ಮಾಡ್ಯೂಲ್ ಮೊದಲು, ಟಕ್ ಅನ್ನೋ ತನಕ. ಹೋಗದಿದ್ರೆ ಒತ್ತಬೇಡಿ, ತಿರುಗಿಸಿ ನೋಡಿ.
6. ಫೈಬರ್ ನೋಡಿ, ಒರೆಸಿ, ಮತ್ತೆ ನೋಡಿ, ಆಮೇಲೆ ಹಾಕಿ.
7. ಫೈಬರ್ ಮಡಚಬೇಡಿ, ಟೈ ಬಿಗಿಯಬೇಡಿ. ಸುರುಳಿ ಅಂಗೈಯಷ್ಟು ಅಗಲ ಇರಲಿ.
8. ಗಾಜಿನ ಚೂರು ಡಬ್ಬಿಗೆ ಹಾಕಿ. ಕೈ ತೊಳೆಯದೆ ಊಟ ಬೇಡ, ಕಣ್ಣು ಉಜ್ಜೋದು ಬೇಡ.
9. ಬಂದ ಬೆಳಕು ಎಷ್ಟು ಡಿಬಿಎಂ ಅಂತ ತಾರೀಖು ಹಾಕಿ ಬರೆದಿಡಿ.

ಒಂಬತ್ತನೇದು ಸಣ್ಣದು ಅನ್ನಿಸಬಹುದು. ಆದರೆ ಲೈಬ್ರರಿ ಲಿಂಕ್‌ಗೆ ಹಳೇ ಲೆಕ್ಕ ಬರೆದಿಟ್ಟಿದ್ದಿದ್ರೆ, ಬೆಳಕು ತಿಂಗಳು ತಿಂಗಳು ಇಳೀತಾ ಇರೋದು ಎರರ್ ಬರೋ ಮೊದಲೇ ಗೊತ್ತಾಗ್ತಿತ್ತು. ಈಗ ರ‍್ಯಾಕ್ ಪಕ್ಕ ಒಂದು ನೋಟ್‌ಬುಕ್ ದಾರ ಕಟ್ಟಿ ನೇತುಹಾಕಿದ್ದೀವಿ, ಪ್ರತಿ ತಿಂಗಳ ಮೊದಲ ಶನಿವಾರ ನಮ್ಮಲ್ಲಿ ಇಬ್ಬರು ಹೋಗಿ ಬರೆದು ಬರ್ತೀವಿ. ಕಾರ್ಡ್‌ನ ಫೋಟೋ ಬೇಕಾದವರು ಕನ್ನಡ ಸಂಘದ ಗ್ರೂಪ್‌ನಲ್ಲಿ ಕೇಳಿ. ಊರಲ್ಲಿ ಕೇಬಲ್ ಕೆಲಸ ಮಾಡೋ ಅಣ್ಣಂದಿರು, ಗೆಳೆಯರು ಯಾರಾದ್ರೂ ಇದ್ರೆ ಅವರಿಗೂ ಕಳಿಸಿ. ಅಟೆನ್ಯುಯೇಟರ್‌ಗೆ ಟೋಪಿಯಷ್ಟು ಚೆನ್ನಾಗಿರೋ ಕನ್ನಡ ಪದ ನಿಮ್ಮಲ್ಲಿ ಯಾರಿಗಾದ್ರೂ ಹೊಳೆದರೆ ನಮಗೆ ತಿಳಿಸಿ, ಮುಂದಿನ ಕಾರ್ಡ್‌ನಲ್ಲಿ ಹಾಕ್ತೀವಿ.