ತೊಗಲಿನ ಮೇಲೊಂದು ಮುಖ

ಚರ್ಮದ ಮೇಲೆ ಫೋಟೋ ಇಳಿಸುವವರಿಗೆ ಮೊದಲು ಎದುರಾಗುವ ತೊಡಕು ಬಿಳಿಯದು. ಕಾಗದ ಬಿಳಿಯಾಗಿಯೇ ಬರುತ್ತದೆ. ಕಪ್ಪು ಎಲ್ಲಿ ಬೇಕೋ ಅಲ್ಲಿ ಹಾಕಿದರೆ ಆಯಿತು, ಮಿಕ್ಕ ಜಾಗ ತಾನಾಗಿ ಬೆಳಕಾಗುತ್ತದೆ. ತೊಗಟೆಯ ರಸದಲ್ಲಿ ಹದವಾದ ಚರ್ಮ ಮಾಸಲು ಕಂದು. ಅದರ ಮೇಲೆ ಬಿದ್ದ ಅಜ್ಜನ ರುಮಾಲು, ಪಂಚೆ, ಹಲ್ಲು, ಕಣ್ಣಿನ ಬಿಳಿ ಎಲ್ಲವೂ ಚರ್ಮದ ಬಣ್ಣವನ್ನೇ ತಾಳುತ್ತವೆ. ಬೆಂಗಳೂರಿನ ಪೇಟೆಯ ಗಲ್ಲಿಯೊಂದರಲ್ಲಿ ಪರ್ಸು, ಡೈರಿಯ ಹೊದಿಕೆ, ಆಲ್ಬಮ್ಮಿನ ರಟ್ಟು ಮಾಡುತ್ತಿದ್ದ ಸಣ್ಣ ಕಾರ್ಖಾನೆಯಲ್ಲಿ ಕೆಲಸ ಕಲಿತವನು ನಾನು. ಈ ತೊಡಕನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ದಾಟಿದ್ದನ್ನು ಹತ್ತಿರದಿಂದ ನೋಡಿದ್ದೇನೆ.

1990ರ ದಶಕದಲ್ಲಿ ನಮಗೆ ಚರ್ಮ ಬರುತ್ತಿದ್ದುದು ಮದ್ರಾಸಿನ ಪೆರಿಯಮೇಟ್‌ನಿಂದ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಟ್ಯಾನರಿಗಳ ಮಾಲು ಅಲ್ಲಿ ಬಂದು ಸೇರುತ್ತಿತ್ತು. ಕಾರ್ಖಾನೆಯ ಹಿರಿಯ ಕೆಲಸಗಾರರನ್ನು ನಾವೆಲ್ಲ ಉಸ್ತಾದರೆಂದೇ ಕರೆಯುತ್ತಿದ್ದೆವು. ಅವರು ಕಟ್ಟು ಬಿಚ್ಚಿ ಒಂದೊಂದು ಚರ್ಮವನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುವರು. ಮುಳ್ಳು ಗೀರಿದ ಗೆರೆ, ಉಣ್ಣೆಹುಳ ಕಚ್ಚಿದ ಚುಕ್ಕೆ, ಬರೆ ಹಾಕಿದ ಕಲೆ, ಕತ್ತಿನ ಬಳಿಯ ಸುಕ್ಕು: ದನ ಬದುಕಿದ್ದಾಗ ಪಟ್ಟ ಪಾಡೆಲ್ಲ ಅಲ್ಲಿ ಕಾಣುತ್ತಿತ್ತು. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಸಡಿಲವಾದ ಕಡೆ ಏನನ್ನೇ ಅಚ್ಚು ಹಾಕಿದರೂ ಬಳಸುತ್ತ ಬಳಸುತ್ತ ಎಳೆದುಕೊಂಡು ಸೊಟ್ಟಗಾಗುತ್ತದೆ. ಆದ್ದರಿಂದ ಅಚ್ಚು ಬೀಳುವ ತುಂಡನ್ನು ಯಾವಾಗಲೂ ಬೆನ್ನಿನಿಂದಲೇ ಕತ್ತರಿಸಬೇಕು ಎಂಬುದು ಉಸ್ತಾದರ ಮೊದಲ ಪಾಠ.

ಆಗ ಅಚ್ಚು ಎಂದರೆ ಚಿನ್ನದ ಹಾಳೆಯ ಅಚ್ಚು. ಕಂಪನಿಯ ಲಾಂಛನ, ಸಂಘದ ಹೆಸರು, ಷಷ್ಟ್ಯಬ್ದಿಯ ನೆನಪಿನ ಡೈರಿಗೆ ದಂಪತಿಯ ಹೆಸರು. ಅವೆನ್ಯೂ ರಸ್ತೆಯ ಹಿಂಬದಿಯಲ್ಲಿದ್ದ ಬ್ಲಾಕ್ ಮಾಡುವವರ ಹತ್ತಿರ ಹೋಗಿ ಸತುವಿನ ಬ್ಲಾಕ್ ಮಾಡಿಸಿ ತರುತ್ತಿದ್ದೆವು. ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿದ ಸತುವಿನ ತಗಡಿನ ಮೇಲೆ ನೆಗೆಟಿವ್ ಇಟ್ಟು ಬೆಳಕು ಬಿಟ್ಟು, ಆಮೇಲೆ ಆಸಿಡ್ಡಿನಲ್ಲಿ ಕೊರೆಸುತ್ತಿದ್ದರು. ಆ ಬ್ಲಾಕನ್ನು ಯಂತ್ರಕ್ಕೆ ಕಟ್ಟಿ, ಕಾಯಿಸಿ, ನಡುವೆ ಹಾಳೆ ಇಟ್ಟು ಒತ್ತಿದರೆ ಅಕ್ಷರ ಚರ್ಮಕ್ಕೆ ಇಳಿಯುತ್ತಿತ್ತು. ಅದಕ್ಕೂ ಹಿಂದೆ ಪತ್ರಿಕೆಗಳಲ್ಲಿ ಫೋಟೋ ಅಚ್ಚಾಗುತ್ತಿದ್ದುದೂ ಬ್ಲಾಕಿನಿಂದಲೇ. ಮುಖವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು, ಕಪ್ಪು ಹೆಚ್ಚಿರುವಲ್ಲಿ ಚುಕ್ಕೆ ದಪ್ಪ, ಬೆಳಕಿರುವಲ್ಲಿ ಚುಕ್ಕೆ ಸಣ್ಣ. ಅದನ್ನೇ ಚರ್ಮದ ಮೇಲೆ ಒತ್ತಿ ನೋಡಿದರೆ ಆಗುತ್ತಿರಲಿಲ್ಲ. ಚರ್ಮದ ರಂಧ್ರಗಳೂ ಬ್ಲಾಕಿನ ಚುಕ್ಕೆಗಳೂ ಒಂದರಲ್ಲೊಂದು ಕಲೆತು ಮುಖದ ಬದಲು ಕೆಸರು ಮೂಡುತ್ತಿತ್ತು. ಗಿರಾಕಿ ಫೋಟೋ ತಂದರೆ ಚಿತ್ರ ಬರೆಯುವವರಿಂದ ಅದನ್ನು ಬರೀ ಗೆರೆಗಳಲ್ಲಿ ಬರೆಸಿ ಬ್ಲಾಕ್ ಮಾಡಿಸಬೇಕಿತ್ತು. ಕನ್ನಡಕ, ಮೀಸೆ, ಪೇಟ ಇದ್ದ ಮುಖಗಳು ಸಲೀಸು. ಹೆಂಗಸರ ಮತ್ತು ಮಕ್ಕಳ ನುಣುಪು ಮುಖಗಳು ಗೆರೆಗೆ ಸಿಗುತ್ತಲೇ ಇರಲಿಲ್ಲ.

ಫೋಟೋ ಇದ್ದ ಹಾಗೆಯೇ ಚರ್ಮಕ್ಕೆ ಬಂದದ್ದು ಜೆರಾಕ್ಸ್ ಅಂಗಡಿಯ ಹಾದಿಯಿಂದ. ಜೆರಾಕ್ಸಿನಲ್ಲಿ ಮಸಿ ಇಲ್ಲ, ಇರುವುದು ಟೋನರ್ ಎಂಬ ಪುಡಿ: ಬಣ್ಣ ಬೆರೆಸಿದ ಪ್ಲಾಸ್ಟಿಕ್. 1938ರಲ್ಲಿ ನ್ಯೂಯಾರ್ಕಿನ ಚೆಸ್ಟರ್ ಕಾರ್ಲ್ಸನ್ ಕಂಡುಹಿಡಿದ ಒಣ ನಕಲಿನ ತತ್ವ ಇಂದಿಗೂ ಅದೇ. ಪುಡಿ ವಿದ್ಯುತ್ತಿನ ಸೆಳೆತದಿಂದ ಕಾಗದಕ್ಕೆ ಅಂಟಿ, ಬಿಸಿ ಉರುಳೆಯ ಕೆಳಗೆ ಕರಗಿ ಕೂರುತ್ತದೆ. ಬಿಸಿಗೆ ಕರಗಿದ್ದು ಥಿನ್ನರಿಗೂ ಅಸಿಟೋನಿಗೂ ಮೆತ್ತಗಾಗುತ್ತದೆ. ಈ ಗುಟ್ಟು ಗೊತ್ತಾದ ಮೇಲೆ ನಮ್ಮ ಗಲ್ಲಿಯ ಕೆಲಸದ ರೀತಿಯೇ ಬೇರೆಯಾಯಿತು.

ಆ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಈಗ ಅದನ್ನು ಮಾಡುವವರು ಕಡಿಮೆ. ಮೊದಲು ಫೋಟೋವನ್ನು ಎಡಬಲ ತಿರುಗಿಸಿ ಲೇಸರ್ ಪ್ರಿಂಟ್ ತೆಗೆಯಬೇಕು. ಇಂಕ್‌ಜೆಟ್ಟಿನದು ನಡೆಯದು, ಅದರಲ್ಲಿ ಕರಗಿ ಅಂಟುವ ಪುಡಿಯೇ ಇರುವುದಿಲ್ಲ. ಚರ್ಮ ತೊಗಟೆಯಲ್ಲಿ ಹದವಾದದ್ದಿರಬೇಕು, ಮೇಲೆ ಪಾಲಿಶಿನ ಲೇಪ ಇರಬಾರದು. ಪ್ರಿಂಟನ್ನು ಮುಖ ಕೆಳಗೆ ಮಾಡಿ ಇಟ್ಟು, ಎರಡು ಬದಿ ಟೇಪು ಹಾಕಿ, ಅಸಿಟೋನಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಕಾಗದದ ಬೆನ್ನನ್ನು ಒರೆಸಬೇಕು. ಕಾಗದ ಪಾರದರ್ಶಕವಾಗಿ ಮುಖ ಹೊಳೆದು ಕಾಣುವ ಗಳಿಗೆ ಒಂದಿದೆ. ಆಗಲೇ ಚಮಚದ ಬೆನ್ನಿನಿಂದ ಒತ್ತಿ ಉಜ್ಜಬೇಕು, ನಡುವಿನಿಂದ ಅಂಚಿಗೆ. ದ್ರವ ಹೆಚ್ಚಾದರೆ ಟೋನರ್ ಹರಡಿ ಮೀಸೆಯೂ ಕೆನ್ನೆಯೂ ಒಂದಾಗುತ್ತವೆ. ಕಡಿಮೆಯಾದರೆ ಅರ್ಧ ಮುಖ ಕಾಗದದಲ್ಲೇ ಉಳಿಯುತ್ತದೆ. ಒಂದು ಮೂಲೆಯನ್ನು ಎತ್ತಿ ಇಣುಕಿ ನೋಡಿ, ಸಾಲದಿದ್ದರೆ ಮತ್ತೆ ಮಲಗಿಸಿ ಉಜ್ಜಬೇಕು. ಕಿಟಕಿ ತೆರೆದಿರಬೇಕು, ಹತ್ತಿರ ಬೀಡಿ ಸೇದುವವರು ಇರಕೂಡದು. ಕಾಗದ ಪೂರ್ತಿ ಎದ್ದಾಗ ಚರ್ಮದ ಮೇಲಿನ ಮುಖಕ್ಕೆ ಒಂದು ಮೃದುತನ ಬಂದಿರುತ್ತದೆ. ಚರ್ಮದ ಸಣ್ಣ ರಂಧ್ರಗಳೊಳಗೂ ಟೋನರ್ ಇಳಿದಿರುತ್ತದೆ. ಬೆರಳಾಡಿಸಿದರೆ ಚಿತ್ರ ಎಲ್ಲಿ ಶುರು, ಚರ್ಮ ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ.

“ಚರ್ಮ ಕುಡಿಯುತ್ತೆ ಬೇಟಾ, ಎಷ್ಟು ಕುಡಿಯುತ್ತೆ ಅಂತ ಕೇಳ್ಕೊಂಡು ಕೊಡು” ಎನ್ನುತ್ತಿದ್ದರು ಉಸ್ತಾದರು.

ಬಿಳಿಯ ತೊಡಕು ಮಾತ್ರ ಹಾಗೆಯೇ ಇತ್ತು. ಅದಕ್ಕೆ ಪರಿಹಾರ ಕಂಪ್ಯೂಟರಿನ ಮುಂದೆ ಕೂತ ಹುಡುಗರದು. ಫೋಟೋಶಾಪಿನಲ್ಲಿ ಮುಖದ ಬೂದುಬಣ್ಣಗಳನ್ನು ಕಡಿಮೆ ಮಾಡಿ, ಬೆಳಕನ್ನು ಪೂರ್ತಿ ಖಾಲಿ ಬಿಟ್ಟು, ನೆರಳನ್ನು ಗಟ್ಟಿ ಮಾಡುತ್ತಿದ್ದರು. ಪರದೆಯ ಮೇಲೆ ಒರಟಾಗಿ, ಹೆದರಿಸುವಂತೆ ಕಾಣುವ ಮುಖವೇ ಚರ್ಮದ ಮೇಲೆ ಸರಿಯಾಗಿ ಕೂರುತ್ತಿತ್ತು. ಅಂದರೆ ಮೂಗಿನ ತುದಿ, ಹಣೆ, ಗಲ್ಲಗಳನ್ನು ಬೆಳಗುವ ಕೆಲಸವನ್ನು ಚರ್ಮಕ್ಕೇ ಬಿಟ್ಟುಕೊಡುವುದು. ಆ ಮುಖಗಳಿಗೆ ಹಳೆಯ ಸ್ಟುಡಿಯೋ ಫೋಟೋಗಳ ಕಳೆ ಬರುತ್ತಿತ್ತು. ಬಣ್ಣದ ಲೇಸರ್ ಪ್ರಿಂಟ್ ಬಂದ ಮೇಲೆ ಬಣ್ಣವನ್ನೂ ಹೀಗೆಯೇ ಇಳಿಸಿ ನೋಡಿದೆವು. ನೀಲಿ ಸೀರೆ ಹಸಿರಿಗೆ ತಿರುಗುತ್ತಿತ್ತು, ಹಳದಿ ಕಾಣದೆ ಹೋಗುತ್ತಿತ್ತು. ಕಪ್ಪುಬಿಳುಪೇ ವಾಸಿ ಎಂದು ಗಿರಾಕಿಗಳನ್ನು ಒಪ್ಪಿಸುವುದೂ ನಮ್ಮ ಕೆಲಸದ ಭಾಗವಾಗಿತ್ತು.

ಅದೇ ಕಾಲದಲ್ಲಿ ಉಸ್ತಾದರ ಜೊತೆ ಚಿತ್ರಕಲಾ ಪರಿಷತ್ತಿಗೆ ಹೋಗಿ ಅಲ್ಲಿನ ತೊಗಲುಗೊಂಬೆಗಳ ಸಂಗ್ರಹ ನೋಡಿದ್ದು ನನಗೆ ದೊಡ್ಡ ಪಾಠವಾಯಿತು. ಎಂ.ಎಸ್. ನಂಜುಂಡರಾಯರು ಹಳ್ಳಿಹಳ್ಳಿ ಅಲೆದು ಉಳಿಸಿದ ಗೊಂಬೆಗಳವು. ಈ ಗೊಂಬೆಗಳನ್ನು ಮಾಡಿ ಆಡಿಸುವ ಕಿಳ್ಳೇಕ್ಯಾತರು ಚರ್ಮವನ್ನು ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳುಮಾಡಿ, ಎರಡೂ ಬದಿ ಬಣ್ಣ ಕಟ್ಟುತ್ತಾರೆ. 1972ರ ವನ್ಯಜೀವಿ ಕಾಯಿದೆ ಬರುವ ಮುಂಚೆ ಜಿಂಕೆಯ ಚರ್ಮವೂ ಬಳಕೆಯಲ್ಲಿತ್ತು, ಈಗ ಆಡಿನದು. ಅವರಿಗೂ ಬಿಳಿ ಬೇಕಲ್ಲ, ಏನು ಮಾಡಿದರು? ಕಿರೀಟದ ಮುತ್ತು, ಸೊಂಟಪಟ್ಟಿಯ ಹರಳು, ಸೀರೆಯ ಅಂಚಿನ ಚುಕ್ಕೆ ಎಲ್ಲಕ್ಕೂ ಉಳಿಯಿಂದ ತೂತು ಹೊಡೆದರು. ಪರದೆಯ ಹಿಂದೆ ದೀಪ ಇಟ್ಟರೆ ಆ ತೂತುಗಳೇ ಬಿಳಿ. ಉಸ್ತಾದರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನು ತೊಗಲುಗೊಂಬೆಯಲ್ಲಿ ಆಡಿಸಿದ್ದನ್ನು ಕೇಳಿದಾಗ ನನಗೆ ಹೊಳೆದದ್ದು ಇದು: ರಾಮನನ್ನು ಯಾರೂ ನೋಡಿಲ್ಲ, ಗೊಂಬೆಯೇ ರಾಮ. ಗಾಂಧಿಯನ್ನು ಇಡೀ ಊರು ಫೋಟೋದಲ್ಲಿ ನೋಡಿದೆ. ಆ ಮುಖವನ್ನು ಗುರುತು ಸಿಗುವಂತೆ ತೊಗಲಿಗೆ ತರುವುದು ಯಂತ್ರವಿಲ್ಲದೆ ಮಾಡಿದ ಫೋಟೋ ವರ್ಗಾವಣೆಯೇ. ನಮ್ಮ ಕಸುಬಿನ ಹಿರಿಯರು ಅವರು ಎಂದು ನಾನು ಈಗಲೂ ನಂಬಿದ್ದೇನೆ.

ಆಮೇಲೆ ಬಂದದ್ದು ಮಗ್ಗಿನ ಮೇಲೆ, ಟೀಶರ್ಟಿನ ಮೇಲೆ ಫೋಟೋ ಹಾಕುವ ಸಬ್ಲಿಮೇಶನ್. ಪ್ರೆಸ್ಸಿನ ಬೆಲೆ ಕಡಿಮೆ, ಕಲಿಯಲು ಒಂದು ಮಧ್ಯಾಹ್ನ ಸಾಕು. ನಿಜ ಚರ್ಮಕ್ಕೂ ಅದಕ್ಕೂ ಆಗಿಬರುವುದಿಲ್ಲ. ಆ ಬಣ್ಣ 180ರಿಂದ 200 ಡಿಗ್ರಿಯಲ್ಲಿ ಆವಿಯಾಗಿ ಪಾಲಿಯೆಸ್ಟರಿನೊಳಗೆ ಮಾತ್ರ ಸೇರುತ್ತದೆ. ತೊಗಟೆಯಲ್ಲಿ ಹದವಾದ ಚರ್ಮ ಒದ್ದೆಯಿದ್ದರೆ 70–85 ಡಿಗ್ರಿಯಲ್ಲೇ ಕುಗ್ಗಲು ಶುರುವಾಗುತ್ತದೆ. ಒಣಗಿದ್ದರೆ ಇನ್ನಷ್ಟು ತಾಳುತ್ತದೆ, ಆದರೆ ಆ ಪ್ರೆಸ್ಸಿಗೆ ಕೊಟ್ಟರೆ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡು ಹೊರಬರುತ್ತದೆ. ಹಾಗಾಗಿ ಚರ್ಮದ ಜಾಗಕ್ಕೆ ಪಾಲಿಯೆಸ್ಟರ್ ಲೇಪದ ಬಿಳಿ ರೆಕ್ಸಿನ್ ಬಂತು. ಮದುವೆ ಆಲ್ಬಮ್ಮುಗಳ ರಟ್ಟು ಮೊದಲು ಹೋಯಿತು, ಹಿಂದೆಯೇ ಪರ್ಸು, ಕೀಚೈನು. ವಧೂವರರ ಮುಖ ಥಳಥಳ ಹೊಳೆಯುತ್ತಿತ್ತು, ಬಣ್ಣ ಒಂದಿನಿತೂ ತಪ್ಪುತ್ತಿರಲಿಲ್ಲ. ನಮ್ಮ ಗಲ್ಲಿಯಲ್ಲಿ ರಂಪಿಗೆ ಹಿಡಿದು ಅಂಚು ತೆಳುಮಾಡುತ್ತಿದ್ದ ಕೈಗಳು ಒಂದೊಂದಾಗಿ ಬೇರೆ ಕೆಲಸಕ್ಕೆ ಹೋದವು. ರೆಕ್ಸಿನ್ನಿಗೆ ಅಂಚು ಹೆರೆಯುವುದೇ ಬೇಡವಲ್ಲ.

ನಿಜ ಚರ್ಮಕ್ಕೆ ಬಿಳಿ ತಂದುಕೊಟ್ಟದ್ದು ಯುವಿ ಪ್ರಿಂಟರ್. ಮೇಜಿನಂಥ ಹಾಸಿನ ಮೇಲೆ ಚರ್ಮವನ್ನು ಮಲಗಿಸಿದರೆ ಮೇಲೆ ಓಡಾಡುವ ತಲೆ ಮೊದಲು ಬಿಳಿ ಶಾಯಿಯ ಒಂದು ಪದರ ಹರಡುತ್ತದೆ, ಅದರ ಮೇಲೆ ಬಣ್ಣ. ಜೊತೆಗೇ ಚಲಿಸುವ ನೇರಳಾತೀತ ದೀಪ ಶಾಯಿಯನ್ನು ಬಿದ್ದಲ್ಲೇ ಗಟ್ಟಿ ಮಾಡುತ್ತದೆ. ಕಾಯಿಸುವುದು, ಉಜ್ಜುವುದು, ಕಪ್ಪುಬಿಳುಪಿಗೆ ಒಪ್ಪಿಸುವುದು ಯಾವುದೂ ಇಲ್ಲ. ಮೊಬೈಲಿನಲ್ಲಿ ಬಂದ ಫೋಟೋ ಹಾಗೆಯೇ ಕಪ್ಪು ಚರ್ಮದ ಮೇಲೂ ಬೀಳುತ್ತದೆ. ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಬೆರಗಾಯಿತು. ನೀಲಿ ಸೀರೆ ನೀಲಿಯಾಗಿಯೇ ಬಂದಿತ್ತು. ಗೆರೆಗೆ ಸಿಗದೆ ಹೋಗಿದ್ದ ಮಕ್ಕಳ ಮುಖಗಳು ನಗುನಗುತ್ತ ಬಂದವು. ಗಿರಾಕಿಗಳ ಸಂತೋಷವೂ ಸುಳ್ಳಲ್ಲ.

ಆದರೆ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ, ಚಿತ್ರ ಚರ್ಮದೊಳಗಿಲ್ಲ, ಮೇಲೆ ಕೂತಿದೆ. ಬಿಳಿಯ ಪದರ ಹಾಕಿದ ಮೇಲೆ ಕೆಳಗಿರುವುದು ಬೆನ್ನಿನ ಚರ್ಮವೋ ಹೊಟ್ಟೆಯದೋ, ಎಮ್ಮೆಯದೋ ಆಡಿನದೋ, ಕೊನೆಗೆ ಚರ್ಮವೋ ಅಲ್ಲವೋ ಎಂಬುದು ಕಣ್ಣಿಗೆ ಬೇಡವಾಗುತ್ತದೆ. ಪರ್ಸು ಮಡಚುವ ಜಾಗದಲ್ಲಿ ಶಾಯಿ ಮೊದಲು ಬಿರುಕು ಬಿಡುತ್ತದೆ. ಬಾಗುವ ಶಾಯಿ ಬಂದಿದೆ, ಅದೂ ಚರ್ಮದಷ್ಟು ಬಾಗುವುದಿಲ್ಲ. ಟೋನರ್ ಇಳಿಸಿದ ಪರ್ಸು ಹಳೆಯದಾದಂತೆ ಚರ್ಮ ಕಪ್ಪಾಗುತ್ತ ಹೋಗಿ, ಮುಖವೂ ಜೊತೆಗೇ ಮಾಗುತ್ತದೆ. ಯುವಿ ಮುಖಕ್ಕೆ ವಯಸ್ಸಾಗುವುದಿಲ್ಲ, ಅದು ಸುಲಿಯುತ್ತದೆ. ಎರಡನ್ನೂ ವರ್ಷಗಟ್ಟಲೆ ಬಳಸಿ ನೋಡಿದವನಾಗಿ ನನ್ನ ಆಯ್ಕೆ ಯಾವುದೆಂದು ಬೇರೆ ಹೇಳಬೇಕಿಲ್ಲ.

ಲೇಸರ್ ಕೊರೆತದ ಯಂತ್ರವನ್ನು ಮಾತ್ರ ನಾನು ಮನಸಾರೆ ಬರಮಾಡಿಕೊಂಡೆ. ಕಿರಣ ಚರ್ಮದ ಮೇಲ್ಪದರವನ್ನು ಸುಟ್ಟು ಕಂದುಗೆರೆ ಬಿಡುತ್ತದೆ. ಶಾಯಿಯಿಲ್ಲ, ಲೇಪವಿಲ್ಲ. ಕೂದಲು ಸುಟ್ಟ ವಾಸನೆಯನ್ನು ಸಹಿಸಿಕೊಳ್ಳಬೇಕು, ಅಷ್ಟೇ. ಇಲ್ಲಿ ಫೋಟೋವನ್ನು ಮತ್ತೆ ಚುಕ್ಕೆಗಳಾಗಿ ಒಡೆಯಬೇಕು. ಹಿಂದೆ ಸತುವಿನ ಬ್ಲಾಕ್ ಮಾಡುತ್ತಿದ್ದ ಹಿರಿಯರೊಬ್ಬರು ಒಂದು ಸಂಜೆ ನಮ್ಮಲ್ಲಿಗೆ ಬಂದಿದ್ದರು. ಯಂತ್ರದ ಹುಡುಗ ಚುಕ್ಕೆಗಳನ್ನು ತುಂಬ ಒತ್ತೊತ್ತಾಗಿ ಇಟ್ಟು ಕೆನ್ನೆಯೆಲ್ಲ ಕರಕಲಾಗಿತ್ತು. ಅವರು ಜೇಬಿನಿಂದ ಭೂತಗನ್ನಡಿ ತೆಗೆದು ತುಂಡನ್ನು ನೋಡಿ, “ಒರಟು ಕಾಗದಕ್ಕೆ ದೊಡ್ಡ ಚುಕ್ಕೆ ಇಡ್ತಿದ್ವಪ್ಪ. ಇದೂ ಒರಟೇ ಅಲ್ವಾ? ಚುಕ್ಕೆ ಬಿಡಿಬಿಡಿಯಾಗಿ ಇಡು” ಎಂದರು. ಹುಡುಗ ಚುಕ್ಕೆಗಳನ್ನು ದೂರ ಮಾಡಿ ಮತ್ತೆ ಕೊರೆದ. ಮುಖ ಎದ್ದು ಬಂತು. ಬ್ಲಾಕಿನ ಕಸುಬು ಮುಚ್ಚಿಹೋಗಿ ಬಹಳ ಕಾಲವಾಗಿತ್ತು, ಆ ಕಣ್ಣು ಮಾತ್ರ ಹಾಗೇ ಇತ್ತು.

ಲೇಸರಿಗೆ ರೆಕ್ಸಿನ್ ಕೊಡಲೇಬಾರದು. ಅದರಲ್ಲಿರುವ ಪಿವಿಸಿ ಸುಟ್ಟರೆ ಕ್ಲೋರಿನ್ ಬೆರೆತ ಆಮ್ಲದ ಹೊಗೆ ಏಳುತ್ತದೆ, ಎದೆಗೂ ಕೆಡಕು, ಯಂತ್ರಕ್ಕೂ ತುಕ್ಕು. ಕ್ರೋಮಿನಲ್ಲಿ ಹದವಾದ ಚರ್ಮದ ಹೊಗೆಯೂ ಒಳ್ಳೆಯದಲ್ಲ, ಮೇಲಾಗಿ ಗೆರೆ ಬೂದುಬೂದಾಗಿ ಬರುತ್ತದೆ. ತೊಗಟೆಯ ಚರ್ಮವೇ ಇದಕ್ಕೂ ಬೇಕು. ಸುತ್ತಿಬಳಸಿ ಎಲ್ಲ ಒಳ್ಳೆಯ ದಾರಿಗಳೂ ಅಲ್ಲಿಗೇ ಬಂದು ಸೇರುತ್ತವೆ.

ನನ್ನ ಸಂಕಟ ಯಂತ್ರಗಳ ಮೇಲಿನದಲ್ಲ, ಹೆಸರಿನದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಸೇರಿದವು. ಅಥಣಿಯ ಕುಶಲಕರ್ಮಿ ತನ್ನ ಚಪ್ಪಲಿಯನ್ನು ಆ ಹೆಸರಿನಲ್ಲಿ ಮಾರಬಲ್ಲ. ಫೋಟೋ ಹಾಕಿದ ಪರ್ಸಿಗೆ ಅಂಥ ಯಾವ ರಕ್ಷಣೆಯೂ ಇಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಳಿದದ್ದನ್ನು ಪಿಯು ಲೆದರ್, ವೀಗನ್ ಲೆದರ್ ಎಂದು ಮಾರುತ್ತಾರೆ. ಮುಖ ಚೆನ್ನಾಗಿ ಬಂದಿದ್ದರೆ ಕೊಳ್ಳುವವರು ಕೇಳುವುದೂ ಇಲ್ಲ. ಕತ್ತರಿಸಿದ ಅಂಚನ್ನು ನೋಡಿದರೆ ಸಾಕು: ಚರ್ಮದಲ್ಲಿ ನಾರು ಕಾಣುತ್ತದೆ, ರೆಕ್ಸಿನ್ನಿನಲ್ಲಿ ನೆಯ್ಗೆಯ ಬಟ್ಟೆ.

ಉಸ್ತಾದರು ಈಗಿಲ್ಲ. ಅವರ ಮೊಮ್ಮಗ ಮತ್ತು ನಾನು ಸೇರಿ ಶಿವಾಜಿನಗರದಲ್ಲಿ ಒಂದು ಸಣ್ಣ ಅಂಗಡಿ ನಡೆಸುತ್ತಿದ್ದೇವೆ. ಯುವಿ ಅಚ್ಚನ್ನು ಹೊರಗೆ ಮಾಡಿಸಿಕೊಡುತ್ತೇವೆ, ಬೇಡ ಎನ್ನುವುದಿಲ್ಲ. ಮುಖ ಮಡಿಕೆಗೆ ತಾಗದಂತೆ ಮಾತ್ರ ನಾವೇ ಗುರುತು ಹಾಕಿ ಕಳಿಸುತ್ತೇವೆ. ಪ್ರತಿ ಬಿಲ್ಲಿನಲ್ಲೂ ಯಾವ ಪ್ರಾಣಿಯ ಚರ್ಮ, ಯಾವ ಹದ, ಚಿತ್ರ ಇಳಿಸಿದ ಬಗೆ ಯಾವುದು ಎಂದು ಕನ್ನಡದಲ್ಲಿ ಬರೆಯುತ್ತೇವೆ. ಮೊನ್ನೆ ಹಾಸನದ ಕಡೆಯ ಹೆಣ್ಣುಮಗಳೊಬ್ಬಳು ತೀರಿಹೋದ ತಂದೆಯ ಬಣ್ಣದ ಫೋಟೋ ತಂದು ಯುವಿಗೆ ಮುಂಗಡ ಕೊಟ್ಟಳು. ಬಿಲ್ಲು ಓದಿ, ಪಕ್ಕದಲ್ಲಿ ಇಟ್ಟಿದ್ದ ಟೋನರಿನ ಮಾದರಿಯನ್ನು ಕೈಗೆತ್ತಿಕೊಂಡು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದಳು. “ಅಣ್ಣ, ಇದು ಬರಲ್ವಲ್ಲ” ಎಂದಳು. ಬರುವುದಿಲ್ಲಮ್ಮ ಎಂದೆ. ಕಪ್ಪುಬಿಳುಪಾದರೂ ಪರವಾಗಿಲ್ಲ, ಇದರಲ್ಲೇ ಮಾಡಿಕೊಡಿ ಎಂದು ಆರ್ಡರ್ ಬದಲಾಯಿಸಿದಳು. ಫೋಟೋದಲ್ಲಿ ಅವರ ತಂದೆ ಬಿಳಿ ಶರ್ಟು ಹಾಕಿದ್ದಾರೆ. ಕಾಲರಿನ ನೆರಳನ್ನು ಎಷ್ಟು ಉಳಿಸಬೇಕು ಎಂಬುದರ ಬಗ್ಗೆ ನಾನೂ ಉಸ್ತಾದರ ಮೊಮ್ಮಗನೂ ಇನ್ನೂ ಒಮ್ಮತಕ್ಕೆ ಬಂದಿಲ್ಲ.