ಸಂಡೂರಿಗೊಬ್ಬ ಸ್ವಯಂಸೇವಕ ಬೇಕಾದರೆ...

ಅಮೆರಿಕದ ಪೀಸ್ ಕೋರ್ ಬಗ್ಗೆ ಓದ್ತಾ ಇದ್ದೆ. 1961ರಲ್ಲಿ ಕೆನಡಿ ಶುರು ಮಾಡಿದ್ದು. ಅದೇ ವರ್ಷದ ಕೊನೆಗೆ ಮೊದಲ ತಂಡ ಪಂಜಾಬಿಗೆ ಬಂತು. ಆಮೇಲೆ ನಮ್ಮ ಮೈಸೂರು ರಾಜ್ಯಕ್ಕೂ ಬಂದು ಕೋಳಿ ಸಾಕಣೆ ಹೇಳಿಕೊಟ್ಟರು. 1976ಕ್ಕೆ ಭಾರತದಲ್ಲಿ ಅದರ ಕೆಲಸ ಮುಗೀತು.

ಅದರಲ್ಲಿ ನನಗೆ ಹಿಡಿಸಿದ್ದು ಲಿಲಿಯನ್ ಕಾರ್ಟರ್ ಕಥೆ. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ. 1966ರಲ್ಲಿ, 68ನೇ ವಯಸ್ಸಿಗೆ, ಮುಂಬೈ ಹತ್ತಿರದ ವಿಕ್ರೋಲಿಗೆ ಬಂದರು. ಆಕೆ ನರ್ಸು, ಮೊದಲು ಹಚ್ಚಿದ್ದು ಕುಟುಂಬ ಯೋಜನೆ ಕೆಲಸಕ್ಕೆ! ದವಾಖಾನೆಗೆ ಹೋದ ಮೇಲೇ ಅವರ ಕೈಗೆ ತಕ್ಕ ಕೆಲಸ ಸಿಕ್ಕಿದ್ದು.

ಯಾವ ದೇಶ, ಯಾವ ಕೆಲಸ ಅಂತ ಮೊದಲೆಲ್ಲ ಸಂಸ್ಥೆಯೇ ತೀರ್ಮಾನಿಸ್ತಿತ್ತು. 2014ರಲ್ಲಿ ಅದನ್ನು ಅರ್ಜಿದಾರರೇ ಆರಿಸೋ ಹಾಗೆ ಮಾಡಿದರು. ಎಂಟು ತಾಸು ಹಿಡೀತಿದ್ದ ಅರ್ಜಿ ಒಂದು ತಾಸಿಗೆ ಇಳೀತು. ಆ ವರ್ಷ 17 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಒಳ್ಳೇದೇ. ಆದರೆ ಸಾಫ್ಟ್‌ವೇರ್‌ನವನಾಗಿ ನನಗೆ ಕಾಣೋದು, ಇಲ್ಲಿ ರಿಪೇರಿಯಾಗಿದ್ದು ಬರೋರ ಕಡೆಯ ಸ್ಕ್ರೀನು. ಕರೆಸಿಕೊಳ್ಳೋರ ಕಡೆ? ಅಲ್ಲಿ ಕರೆಯೋದು ಆ ದೇಶದ ಸರ್ಕಾರ. ಸರ್ಕಾರಕ್ಕೆ ಬೇಕಾದ್ದೇ ಊರಿಗೂ ಬೇಕು ಅಂತೇನಿಲ್ಲವಲ್ಲ.

ನಮ್ಮ ಸಂಡೂರನ್ನೇ ತಗೊಳ್ಳಿ. ಇಲ್ಲಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕ್ತಾರೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಇವರ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯ್ತು. ಇವರಿಗೆ ಹೊಲಿಗೆ ಕಲಿಸ್ತೀನಿ ಅಂತ ವಿಮಾನ ಹತ್ತಿ ಬಂದರೆ ನಗ್ತಾರಷ್ಟೇ :-) ಹೊರದೇಶದ ಆರ್ಡರ್, ಬೆಲೆ, ಫೋಟೋ ನೋಡಿಕೊಳ್ಳೋರು ಬೇಕಾಗಬಹುದು, ಅದೂ ಬೇಡ ಅನ್ನಬಹುದು. ಆ ಕೆಲಸದ ವಿವರ ಅವರೇ ಬರೆಸಬೇಕು, ಬರೋರ ಜೊತೆ ಫೋನಲ್ಲಿ ಮಾತಾಡಿ ಒಪ್ಪೋದೋ ಬಿಡೋದೋ ಅವರೇ ಹೇಳಬೇಕು. ಮೂರು ತಿಂಗಳಾದ ಮೇಲೆ ಹೊಂದಲಿಲ್ಲ ಅಂದರೆ ಬೇರೆ ಕಡೆ ಹಾಕೋ ದಾರಿಯೂ ಇರಬೇಕು. ವಿಕ್ರೋಲಿ ಅಜ್ಜಿಗೆ ಸಿಕ್ಕ ಹಾಗೆ.

ಭಾಷೆಯದು ಇನ್ನೊಂದು ತಕರಾರು. ಫಾರಂನಲ್ಲಿ 'ಕರ್ನಾಟಕ: ಕನ್ನಡ' ಅಂತ ಒಂದೇ ಖಾನೆ ಇದ್ದರೆ ಸಂಡೂರು ಪೇಟೆಗೆ ಸಾಕು. ತಾಂಡಾದೊಳಗೆ ಕಾಲಿಟ್ಟರೆ ಮನೆಮಾತು ಲಂಬಾಣಿ. ಕಷ್ಟಪಟ್ಟು ಕನ್ನಡ ಕಲಿತು ಬಂದವರೂ ಅಲ್ಲಿ ಸುಮ್ಮನೆ ಕೂರಬೇಕು.

ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯಲ್ಲಿ ಅವರವರ ದೇಶದೊಳಗೇ ದುಡಿಯೋರೂ ಇದ್ದಾರೆ. ಹಾಗೆ ನೋಡಿದರೆ, ಹೊಸಪೇಟೆಯಲ್ಲಿ ಬಿ.ಕಾಂ. ಮುಗಿಸಿ ತಾಂಡಾಕ್ಕೆ ಮರಳಿದ ಹುಡುಗಿಗಿಂತ ಈ ಕೆಲಸಕ್ಕೆ ಹೊಂದೋರು ಇನ್ಯಾರು? ಆಕೆಗೆ ಭಾಷೆ ಕಲಿಸಬೇಕಿಲ್ಲ, ವೀಸಾ ಬೇಕಿಲ್ಲ. ಅರ್ಜಿ ಕನ್ನಡದಲ್ಲಿ ಸಿಗಬೇಕು, ತಿಂಗಳ ಖರ್ಚಿಗಾಗುವಷ್ಟು ದುಡ್ಡು ಸಿಗಬೇಕು. ಏನಂತೀರಾ?